ದಂಡದ ಸುತ್ತು

ಮಸ್ಕತ್ತಿನ ಶಾಲೆಯಲ್ಲಿ ಓದುವ ನನ್ನ ಮಗಳಿಗೆ ಭಾಷಣಕ್ಕೆ ಕೊಟ್ಟ ವಿಷಯ ಬಯಥ್ಲಾನ್ ಚರಿತ್ರೆ. ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಓಡುತ್ತ, ನಡುನಡುವೆ ನಿಂತು ಬಂದೂಕಿನಿಂದ ಗುರಿ ಹೊಡೆಯುವ ಆಟ ಅದು. ಮೀನಂಗಡಿಯ ಮಂಜುಗಡ್ಡೆ ಬಿಟ್ಟರೆ ಬೇರೆ ಹಿಮ ಕಾಣದ ವಿಜಾಪುರದವನಾದ ನಾನು ಅದರಲ್ಲಿ ಪಂಡಿತನಾಗಲು ಒಂದು ಸಂಜೆ ಸಾಕಾಯಿತು.

ಶುಕ್ರವಾರ ಪಕ್ಕದ ಬರ್ಕಾ ಪಟ್ಟಣದಲ್ಲಿರುವ ಗೆಳೆಯನ ಮನೆಗೆ ಊಟಕ್ಕೆ ಹೊರಟಾಗ ಕಾರಿನಲ್ಲೇ ಪಾಠ ಶುರು ಮಾಡಿದೆ. ಮೊದಲು ಹಿಮದ ನಾಡಿನ ಬೇಟೆಗಾರರು, ಆಮೇಲೆ ಗಡಿ ಕಾಯುವ ಸೈನಿಕರು. ಅವರ ಕವಾಯತೇ ಪಂದ್ಯವಾಗಿ ಒಲಿಂಪಿಕ್ಸ್‌ವರೆಗೆ ಬಂತು ಎಂದೆ. ಮಗಳು ಕಿಟಕಿಯ ಹೊರಗೆ ನೋಡುತ್ತ "ಓಕೆ ಪಪ್ಪಾ" ಎಂದಳು.

"ರೀ, ಮುಂದ ಬಲಕ್ಕ ತಗೋರಿ," ಎಂದಳು ಹೆಂಡತಿ.

"ತಡಿ, ಮುಖ್ಯ ಮಾತು ಐತಿ," ಎಂದು ಅವಳ ಬಾಯಿ ಮುಚ್ಚಿಸಿ ಮುಂದುವರಿಸಿದೆ. "ನೋಡವ್ವಾ, ಒಲಿಂಪಿಕ್ಸಿನ್ಯಾಗ ಎಷ್ಟೋ ವರ್ಷ ಗಂಡಸರಷ್ಟ ಆಡ್ತಿದ್ರು. ಹೆಣ್ಣಮಕ್ಕಳನ್ನ ಭಾಳ ತಡಾ ಮಾಡಿ ಸೇರಿಸಿಕೊಂಡ್ರು. ಎಂಥಾ ಅನ್ಯಾಯ!"

"ಗುರಿ ತಪ್ಪಿದ್ರ ಏನ್ ಮಾಡ್ತಾರ್ರೀ?" ಹೆಂಡತಿ ಬಹಳ ಮೆತ್ತಗೆ ಕೇಳಿದಳು. ನನಗೆ ಹಿಗ್ಗಾಯಿತು, ಕಡೆಗೂ ಒಬ್ಬ ಶಿಷ್ಯೆ ಸಿಕ್ಕಿದ್ದಳು.

"ಮೊದಲ ಬರೇ ಟೈಮ್ ಕೂಡಿಸ್ತಿದ್ರು. ಈಗ ಭಾಳ ಪಂದ್ಯದಾಗ ದಂಡದ ಸುತ್ತು. ತಪ್ಪಿದಷ್ಟು ಸಲ ಸುತ್ತು ಹೊಡೀಬೇಕು."

ಹೇಳಿ ಮುಗಿಸುವಾಗ ಗೊತ್ತಾಯಿತು, ಬರ್ಕಾಕ್ಕೆ ಇಳಿಯುವ ದಾರಿ ಆಗಲೇ ಹಿಂದೆ ಉಳಿದಿತ್ತು. ಈ ಹೆದ್ದಾರಿಯಲ್ಲಿ ಒಂದು ತಿರುವು ತಪ್ಪಿದರೆ ದೂರದ ಮುಂದಿನ ಸೇತುವೆಯವರೆಗೆ ಹೋಗಿಯೇ ತಿರುಗಿಕೊಂಡು ಬರಬೇಕು.

"ಹೊಡೀರಿ," ಎಂದಳು ಹೆಂಡತಿ.