ಕಾಪು ದೀಪಸ್ತಂಭದ ಹಗಲಿನ ಪರದೆ

ಎಂಬತ್ತರ ದಶಕದ ಆರಂಭದ ಒಂದು ಮಾರ್ಚ್ ಬೆಳಿಗ್ಗೆ, ಕಾರ್ಕಳದ ಪಕ್ಕದ ಕುಕ್ಕುಂದೂರಿನಿಂದ ಕಾಪುವಿಗೆ ಹೊರಟೆ. ಕೈಯಲ್ಲಿ ನಾನೇ ಹೊಲಿದ ಬಿಳಿ ಪರದೆಯ ಗಂಟು. ನನ್ನ ಯಜಮಾನರು ಕಾಪುವಿನ ದೀಪಸ್ತಂಭದ ಪಾಲಕರಾಗಿದ್ದರು. ದೀಪದ ಸುತ್ತಲಿನ ದೊಡ್ಡ ಮಸೂರಕ್ಕೆ ಹಗಲು ಪರದೆ ಎಳೆಯಲೇಬೇಕು. ಇಲ್ಲದಿದ್ದರೆ ಬಿಸಿಲು ಅದರೊಳಗೆ ಒಂದೇ ಕಡೆ ಸೇರಿ ಬೆಂಕಿಯಾಗುತ್ತದೆ. ಹಳೆಯದು ಹರಿದಿದೆ, ಹೊಸದು ಹೊಲಿ ಎಂದು ಬಟ್ಟೆ ತಂದುಕೊಟ್ಟು, ಅಳತೆ ಹೇಳಿ ಹೋದವರು ಹಿಂದಿನ ದೀಪಾವಳಿಗೆ ಮೊದಲೇ ತೀರಿಕೊಂಡರು. ಹೊಲಿದದ್ದು ಅದರ ಜಾಗಕ್ಕೆ ಸೇರಬೇಕು, ನನಗೆ ಬೇಕಾದದ್ದು ಅಷ್ಟೇ.

ಹಿರಿಯಡ್ಕದಲ್ಲಿ ಬಸ್ಸು ತುಂಬಿತು. ಖಾಲಿ ಮೀನು ಬುಟ್ಟಿಯ ಹೆಂಗಸೊಬ್ಬಳು ಗಂಟಿಗೆ ಒರಗಿ, "ಎಂತ ಅಕ್ಕ, ಮದುವೆಯ ಸೀರೆಯಾ?" ಎಂದಳು.

"ದೀಪಕ್ಕೆ ಅಂಗಿ," ಎಂದೆ.

"ದೀಪಕ್ಕೂ ಚಳಿಯಾ ಮಾರಾಯ್ತಿ!"

ಎಷ್ಟೋ ತಿಂಗಳ ಮೇಲೆ ನಾನೂ ನಕ್ಕೆ. ಯಜಮಾನರು ಕೊನೆಗೆ ಆಸ್ಪತ್ರೆಯಲ್ಲಿ ಮಲಗಿದ್ದ ಮಣಿಪಾಲದಲ್ಲಿ ಬಸ್ಸು ನಿಂತಾಗ ಕಿಟಕಿಯ ಕಡೆ ತಿರುಗಲಿಲ್ಲ. ಉಡುಪಿಯಲ್ಲಿ ಬನ್ಸ್ ತಿಂದು, ಪರದೆ ತೂಗುಹಾಕಲು ಹಿತ್ತಾಳೆ ಬಳೆಗಳನ್ನು ಕೊಂಡೆ. ಕಟಪಾಡಿ ದಾಟಿ ಕಾಪು ಸೇರುವಾಗ ಮರಳು ಕಾದಿತ್ತು.

ದೀಪಸ್ತಂಭ ನಿಂತ ಬಂಡೆಯ ಮೆಟ್ಟಿಲಲ್ಲಿ ಯಜಮಾನರ ಜೊತೆಗಾರ ಹಮೀದ್ ಎದುರಾದರು. ಗಂಟು ಬಿಚ್ಚಿದೆ. ಅವರ ಮುಖ ಸಣ್ಣದಾಯಿತು.

"ಅಕ್ಕಾ, ಎಣ್ಣೆದೀಪದ ಬತ್ತಿ ಹೋಯಿತು, ಆಮೇಲೆ ಬಂದ ಸೀಮೆಎಣ್ಣೆ ದೀಪದ ಮ್ಯಾಂಟಲ್ ಹೋಯಿತು, ಇನ್ನು ನಮ್ಮ ಕೈಯೂ ಬೇಡವಂತೆ. ಮಳೆಗಾಲ ಕಳೆದ ಮೇಲೆ ಹೊಸ ಯಂತ್ರ. ಕತ್ತಲಾದರೆ ದೀಪ ತಾನೇ ಹೊತ್ತಿಕೊಳ್ತದೆ. ಮಸೂರ ಹಗಲೂ ತಿರುಗ್ತಾ ಇರ್ತದೆ, ಬಿಸಿಲು ಒಂದೇ ಕಡೆ ನಿಲ್ಲುವುದಿಲ್ಲ. ಪರದೆ ಎಂತಕ್ಕೆ?"

"ಮಳೆಗಾಲ ಕಳೆದ ಮೇಲೆ ಅಲ್ವಾ? ಇವತ್ತು ಬಿಸಿಲು ಉಂಟಲ್ಲ," ಎಂದೆ.

"ನಿಮ್ಮ ಯಜಮಾನರದ್ದೇ ಬಾಯಿ ನಿಮಗೆ," ಎಂದು ಹಮೀದ್ ಬೀಗದಕೈ ತೆಗೆದರು.

ಮೇಲೆ ಹೋಗಿ ಹಳೆಯದನ್ನು ಕಳಚಿ ಹೊಸದನ್ನು ತೂಗುಹಾಕಿದೆವು. ಕೆಳಗೆ ಒಂದು ಗೇಣು ಕಡಿಮೆ! ಯಜಮಾನರು ಅಳತೆ ಹೇಳಿದ್ದು ತಮ್ಮ ಮೊಳದಲ್ಲಿ. ನಾನು ಅಳೆದದ್ದು ನನ್ನ ಮೊಳದಲ್ಲಿ. ಸಂದಿಯಿಂದ ಬಿಸಿಲು ಮಸೂರಕ್ಕೆ ಬೀಳುತ್ತಿತ್ತು.

"ಅವರ ಕೈ ತೆಂಗಿನಮರ ಅಲ್ವಾ ಅಕ್ಕಾ!" ಎಂದರು ಹಮೀದ್.

ಆದರೆ ಬಟ್ಟೆ ಕಡಿಮೆಯಿರಲಿಲ್ಲ. ಬೆಳೆಯುವ ಮಕ್ಕಳ ಲಂಗಕ್ಕೆ ಬಿಡುವ ಹಾಗೆ, ಉಳಿದದ್ದನ್ನೆಲ್ಲ ಅಂಚಿನಲ್ಲಿ ಮಡಚಿ ಹೊಲಿದಿದ್ದೆ. ಅಲ್ಲೇ ಕುಳಿತು ನೂಲು ಬಿಚ್ಚಿದೆ. ಪರದೆ ಒಂದು ಗೇಣು ಕೆಳಗಿಳಿದು ಸಂದಿ ಮುಚ್ಚಿತು.

ಸಂಜೆ ದೀಪ ನೋಡಿಕೊಂಡು ಹೋಗಿ ಎಂದರು ಹಮೀದ್. ಬೇಡವೆಂದೆ. ಬಸ್ಸಿಗೆಂದು ಮರಳಿನಲ್ಲಿ ನಡೆಯುತ್ತ ಒಮ್ಮೆ ತಿರುಗಿದೆ. ದೀಪಸ್ತಂಭವನ್ನು ಎಲ್ಲರೂ ರಾತ್ರಿ ಹುಡುಕಿ ನೋಡುತ್ತಾರೆ. ನಾನು ನೋಡಿದ್ದು ಉರಿಬಿಸಿಲಿನಲ್ಲಿ. ಗಾಜಿನ ಹಿಂದೆ ಬಿಳಿ ಬಟ್ಟೆ, ಎಲ್ಲಿಯೂ ಸಂದಿಯಿಲ್ಲ.