ಪಾರ್ವತಮ್ಮನಿಗೆ ಬಾರಿಸದ ಗಂಟೆ

ಹೊಳೆನರಸೀಪುರದ ಆಚೆ, ನಾಲೆಯ ದಂಡೆಯ ಆ ಊರಿನಲ್ಲಿ ಮೆಥಡಿಸ್ಟ್ ಚರ್ಚು ಕಟ್ಟಿದಾಗ ಕಲ್ಲು ಹೊತ್ತವರಲ್ಲಿ ದ್ಯಾವಯ್ಯನ ತಾತನೂ ಒಬ್ಬ. ಗಾರೆಗೆ ಸುಣ್ಣದ ಜೊತೆ ಬೆಲ್ಲದ ನೀರು ಬೆರೆಸಿದ್ದರು; ಗೋಡೆ ಇನ್ನೂ ಬಿರುಕು ಬಿಟ್ಟಿಲ್ಲ. ಗಂಟೆ ಹಾಸನದಿಂದ ಎತ್ತಿನ ಗಾಡಿಯಲ್ಲಿ ಬಂದಿತ್ತು. ಅದರ ಹಗ್ಗ ತಾತನಿಂದ ಅಪ್ಪನಿಗೆ, ಅಪ್ಪನಿಂದ ದ್ಯಾವಯ್ಯನಿಗೆ ಸಿಕ್ಕಿತು. ಭಾನುವಾರದ ಆರಾಧನೆಗಾದರೆ ಬಿರುಸಾಗಿ ಬಾರಿಸಬೇಕು. ಸಾವಿಗೆ ನಿಧಾನ, ಒಂದು ಸದ್ದು ಪೂರ್ತಿ ಆರಿದ ಮೇಲೆಯೇ ಇನ್ನೊಂದು. ಅದು ಕೇಳಿದರೆ ನಾಲೆಯಾಚೆ ಗದ್ದೆಯಲ್ಲಿದ್ದವರೂ, ಯಾವ ದೇವರಿಗೆ ಕೈಮುಗಿಯುವವರಾದರೂ, ಕೈಕಾಲು ತೊಳೆದು ಹೊರಡುತ್ತಿದ್ದರು. ಮನೆಮನೆಗೆ ಹೋಗಿ ಸಾವಿನ ಸುದ್ದಿ ಮುಟ್ಟಿಸುವ ರೂಢಿಯೇ ಅಲ್ಲಿರಲಿಲ್ಲ.

ದ್ಯಾವಯ್ಯನ ಹೆಂಡತಿ ಪಾರ್ವತಮ್ಮ ತೀರಿಕೊಂಡ ಬೆಳಿಗ್ಗೆ, ಅವನು ಚರ್ಚಿಗೆ ಹೊರಟಾಗ ಮಗ ಅರುಣ್‌ಕುಮಾರ್ ಬಾಗಿಲಿಗೆ ಅಡ್ಡ ನಿಂತ.

"ಗಂಟೆ ಬ್ಯಾಡ ಕಣಪ್ಪ. ಚರ್ಚಿನ ಸಮಾಧಿ ಜಾಗಾನೂ ಬ್ಯಾಡ. ಕವನಾಳ ಜಾತಿ ಸರ್ಟಿಫಿಕೇಟು ಇಚಾರಣೆಗೆ ಬಂದೈತೆ. ಈ ವಾರವೇ ಆಫೀಸ್ನೋರು ಊರಲ್ಲಿ ಕೇಳಕ್ಕೆ ಬತ್ತಾರೆ."

ಕಾಗದದ ಮೇಲೆ ಆ ಮನೆ ಹಿಂದೂ. ಭಾನುವಾರ ಮಾತ್ರ ಚರ್ಚಿನ ಬೆಂಚಿನ ಮೇಲೆ. ಊರಿಗೆಲ್ಲ ಗೊತ್ತಿದ್ದರೂ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕ್ರೈಸ್ತರೆಂದು ರುಜುವಾದರೆ ಪರಿಶಿಷ್ಟ ಜಾತಿಯ ಸರ್ಟಿಫಿಕೇಟು ರದ್ದು; ಮೊಮ್ಮಗಳು ಕವನಾಳ ನರ್ಸಿಂಗ್ ಸೀಟೂ ಹೋದಂತೆಯೇ.

"ನಿಮ್ಮವ್ವಂಗೇ ಬಾರಿಸ್ಬ್ಯಾಡ ಅಂತೀಯೇನ್ಲಾ?"

"ಅವ್ವ ಇದ್ದಿದ್ರೂ ಇದ್ನೇ ಯೋಳೋಳು."

ಅದು ನಿಜವೇ ಇರಬಹುದು ಎನ್ನಿಸಿ ದ್ಯಾವಯ್ಯ ಬಾಗಿಲಿನಿಂದ ಹಿಂದೆ ಸರಿದ. ಫೋನು ಮಾಡಿ ಕರೆಸಿದ ಕೆಲವರೆದುರು, ಕೆರೆಯ ಹಿಂದಿನ ಮಸಣದಲ್ಲಿ ಪಾರ್ವತಮ್ಮನನ್ನು ಮಣ್ಣು ಮಾಡಿದರು.

ಮೂರನೆಯ ದಿನ ನಾಲೆಯಾಚೆಯಿಂದ ಅವಳ ತಂಗಿ ಚಿಕ್ಕಲಕ್ಷ್ಮಮ್ಮ ಕ್ಯಾರಿಯರ್ ಹಿಡಿದು ನಗುತ್ತ ಬಂದಳು.

"ಭಾವ, ಅಕ್ಕಂಗೆ ರಾಗಿ ಗಂಜಿ ತಂದಿವ್ನಿ. ಕಾಯಿಲೆ ಜಾಸ್ತಿ ಅಂದಿದ್ರಲ್ಲ, ದಿನಾ ಗಂಟೆಗೇ ಕಿವಿ ಕೊಟ್ಕಂಡು ಕುಂತಿದ್ದೆ. ಬಾರಿಸ್ಲಿಲ್ಲ ನೋಡು, ಗಟ್ಟಿ ಜೀವ ಅದು! ನನ್ನತ್ರ ಇನ್ನೊಂದ್ ದಪ ಬೈಸ್ಕಳ್ದೆ ಎಲ್ ಓದಾಳು?"

ಫೋನಿಲ್ಲದ ನಾದಿನಿಗೆ ನಡೆದು ಹೋಗಿ ಹೇಳಬೇಕೆಂದು ದ್ಯಾವಯ್ಯನಿಗೆ ಹೊಳೆದೇ ಇರಲಿಲ್ಲ. ಜೀವಮಾನವಿಡೀ ಸಾವಿನ ಸುದ್ದಿಯನ್ನು ಅವನ ಕೈ ಹೇಳಿತ್ತು, ಬಾಯಿಗೆ ಅಭ್ಯಾಸವಿರಲಿಲ್ಲ. ಅವನು ಚರ್ಚಿನ ಕಡೆ ನಡೆದ. ಏನೂ ತಿಳಿಯದೆ ಅವಳು ಕ್ಯಾರಿಯರ್ ಸಮೇತ ಹಿಂದೆ ಹೋದಳು.

"ಅಪ್ಪಾ! ನಾಳೆ ಬತ್ತಾರೆ ಕಣಪ್ಪಾ!" ಎಂದು ಅರುಣ್ ಜಗಲಿಯಿಂದ ಕೂಗಿದ. ಕವನಾ ಹೊಸ್ತಿಲಲ್ಲಿದ್ದಳು, ತಾತನನ್ನು ಕರೆಯಲಿಲ್ಲ, ಹೋಗು ಎನ್ನಲೂ ಇಲ್ಲ.

ದ್ಯಾವಯ್ಯ ಹಗ್ಗ ಎಳೆದ. ಮೊದಲ ಸದ್ದು ಪೂರ್ತಿ ಆರುವವರೆಗೆ ಕಾದ.

"ಯಾರಿಗೆ ಭಾವ?"

ಅವನು ತಿರುಗಿ ನೋಡದೆ ಮತ್ತೆ ಎಳೆದ. ಚಿಕ್ಕಲಕ್ಷ್ಮಮ್ಮ ಅಲ್ಲೇ ಮೆಟ್ಟಿಲ ಮೇಲೆ ಕುಸಿದಳು. ಮಡಿಲಲ್ಲಿದ್ದ ಕ್ಯಾರಿಯರ್ ಇನ್ನೂ ಬೆಚ್ಚಗಿತ್ತು.

ನಾಲೆಯಾಚೆ ಜನ ಕೈಕಾಲು ತೊಳೆದು ಹೊರಟಿದ್ದರು. ನಾಳೆ ಬರುವ ಅಧಿಕಾರಿಗಳು ಕೇಳುವುದೂ ಇವರನ್ನೇ.