ಒಂದೇ ಮೈಯ ಅಂಗಿಗಳು

ನಲವತ್ತು ಹತ್ತಿರವಾದಾಗ ದರ್ಜಿ ಅಕ್ಕನಿಗೆ ಪ್ರೀತಿ ಹತ್ತಿತು. ಅದುವರೆಗೆ ಅವಳ ಕತ್ತರಿಗೆ ಪೇಟೆಯಲ್ಲಿ ಒಳ್ಳೆಯ ಹೆಸರಿತ್ತು. ಅಪ್ಪನಿಂದ ಬಂದ ಅಂಗಡಿ, ಗಂಡಸರ ಅಂಗಿಯೇ ಮುಖ್ಯ ಕೆಲಸ. ಅವಳು ಬಟ್ಟೆ ಕತ್ತರಿಸಿಕೊಟ್ಟರೆ ತಮ್ಮ ಹೊಲಿಯುತ್ತಿದ್ದ.

ಅಂಗಡಿಗಳಿಗೆ ಗುಂಡಿ, ದಾರ ತಂದು ಮಾರುವವನೊಬ್ಬ ಅವಳ ತಲೆ ಕೆಡಿಸಿದ. ಅವನ ಮಟ್ಟಿಗೆ ಅದು ಒಂದು ಬೇಸಿಗೆಯ ಸಲಿಗೆ, ಅಷ್ಟೆ. ಇವಳಿಗೆ ಊಟ ಸೇರಲಿಲ್ಲ, ಗೆಳತಿಯರು ಬೇಡವಾದರು. ಹಾಸಿಗೆ ಹಿಡಿದ ಚಿಕ್ಕಮ್ಮನನ್ನು ನೋಡಲೂ ಹೋಗಲಿಲ್ಲ. ಅಷ್ಟರಲ್ಲಿ ಅವನು ಬಂದು ಹೋಗಿಬಿಟ್ಟರೆ? ಇಂಥದ್ದನ್ನು ದೊಡ್ಡ ಪ್ರೇಮವೆಂದು ಹೊಗಳುವವರಿದ್ದಾರೆ. ಪಕ್ಕದಲ್ಲಿ ಕೂತು ದುಡಿಯುವವರು ಹೊಗಳುವುದಿಲ್ಲ.

ಅವನು ಬರುವುದು ನಿಂತ ಮೇಲೆ ಕೇಡು ಅವಳ ಕೈಗೆ ಇಳಿಯಿತು. ಗಿರಾಕಿಯ ಅಳತೆ ತೆಗೆಯುವಳು, ಬರೆದೂ ಇಡುವಳು. ಆದರೆ ಮೇಜಿನ ಮೇಲೆ ಬಟ್ಟೆ ಹರಡಿದೊಡನೆ ಸೀಮೆಸುಣ್ಣ ಆ ಗುಂಡಿಯವನ ಭುಜ, ಅವನ ಸೊಂಟವನ್ನೇ ಗೀಚುತ್ತಿತ್ತು. ಬೇಕರಿಯವನಿಗೆ ಗುಂಡಿ ಹಾಕಲು ಆಗಲಿಲ್ಲ. ಸಣಕಲು ಮೇಷ್ಟರು ಅಂಗಿಯೊಳಗೆ ಕಳೆದೇಹೋದರು.

"ಏನಮ್ಮಾ, ನನ್ನ ಜೊತೆ ಇನ್ನೊಬ್ಬನೂ ಇದರೊಳಗೆ ಬರ್ತಾನಾ?" ಎಂದರು ಮೇಷ್ಟರು.

ತಮ್ಮನಿಗೆ ನಗು ಬರಲಿಲ್ಲ. ಅವರು ಹೋದ ಮೇಲೆ, "ಅಕ್ಕಾ, ಇರೋ ಗಿರಾಕಿಗಳೆಲ್ಲ ಎದುರಂಗಡಿ ಪಾಲಾಗ್ತಿದಾರೆ. ಕತ್ತರಿ ಇಲ್ಲಿ ಕೊಡು. ಇಲ್ಲಾಂದ್ರೆ ಬಾಗಿಲು ಹಾಕೋಣ," ಎಂದ.

"ನೆಟ್ಟಗೆ ಒಂದು ಗೆರೆ ಎಳೆಯೋಕೆ ಬರಲ್ಲ, ಕತ್ತರಿ ಬೇಕಂತೆ ಇವನಿಗೆ!"

"ನನಗೆ ಬರಲ್ಲ, ನಿಜ. ನಿನಗೆ ಬರ್ತಿತ್ತು."



ಆ ವಾರವೇ ಗುಂಡಿಯವನು ಏನೂ ಆಗದವನಂತೆ ಪ್ರತ್ಯಕ್ಷನಾದ. ಬಟ್ಟೆಯನ್ನು ಮೇಜಿನ ಮೇಲೆ ಎಸೆದು, "ನನಗೊಂದು ಅಂಗಿ ಬೇಕು. ಅಳತೆ ನಿನಗೆ ಗೊತ್ತೇ ಇದೆಯಲ್ಲ," ಎಂದು ಕಣ್ಣು ಮಿಟುಕಿಸಿದ. ಅವಳು ಟೇಪು ಮುಟ್ಟಲಿಲ್ಲ. ಒಂದೇ ಉಸಿರಿಗೆ ಕತ್ತರಿಸಿದಳು. ತಮ್ಮ ಹಲ್ಲು ಕಚ್ಚಿಕೊಂಡು ಹೊಲಿದ.

ಮರುದಿನ ಅವನು ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತ. ಭುಜದ ಹೊಲಿಗೆ ತೋಳಿನ ಮೇಲೆ ಜೋತುಬಿದ್ದಿತ್ತು. ಹೊಟ್ಟೆಯ ಮೇಲೆ ಗುಂಡಿ ಈಗಲೋ ಆಗಲೋ ಎನ್ನುತ್ತಿತ್ತು.

"ಇದ್ಯಾವ ಪೈಲ್ವಾನನ ಅಂಗಿ?" ಎಂದ.

ಅವಳು ನೋಡಿದಳು. ಜಾರಿದ ಸಣ್ಣ ಭುಜ, ಮುಂದೆ ಬಂದ ಪುಟ್ಟ ಹೊಟ್ಟೆ. ಇವನು ಬದಲಾಗಿರಲಿಲ್ಲ, ಮೊದಲಿಂದಲೂ ಹೀಗೇ ಇದ್ದ. ತಾನು ಇಷ್ಟು ದಿನ ಯಾರಿಗಾಗಿ ಅಂಗಿ ಕತ್ತರಿಸಿದೆನೋ ಆ ಮನುಷ್ಯ ಈ ಅಂಗಡಿಯ ಮೆಟ್ಟಿಲು ಹತ್ತಿದವನೇ ಅಲ್ಲ. ಅವಳಿಗೆ ಅಳು ಬರಬೇಕಿತ್ತು. ಬರಲಿಲ್ಲ. ಬೆನ್ನ ಮೇಲಿನ ಮೂಟೆಯನ್ನು ಯಾರೋ ಹಿಂದಿನಿಂದ ಇಳಿಸಿಕೊಂಡಂತಾಯಿತು.

ಟೇಪು ತೆಗೆದು, "ಕೈ ಸ್ವಲ್ಪ ಎತ್ತಿ," ಎಂದಳು.

"ಓಹೋ, ಮರ್ಯಾದೆ ಬೇರೆ!"

"ಹೊಟ್ಟೆ ಒಳಗೆ ಎಳ್ಕೋಬೇಡಿ. ಅಳತೆ ತಪ್ಪುತ್ತೆ."

ತಮ್ಮ ತಲೆ ತಗ್ಗಿಸಿಕೊಂಡು ಅಳತೆ ಬರೆದುಕೊಂಡ. ತಡೆದ ನಗುವಿಗೆ ಅವನ ಭುಜಗಳು ಕುಲುಕುತ್ತಿದ್ದವು. "ಗುರುವಾರ ಬನ್ನಿ, ಸರಿಮಾಡಿಟ್ಟಿರ್ತೀವಿ," ಎಂದು ಅವಳು ಗುಂಡಿಯವನನ್ನು ಸಾಗಹಾಕಿದಳು.

ಅಂದು ಅವಳು ಕತ್ತರಿಸಿದ ಅಂಗಿ ಅಂಚೆಯವನದು. ಅವನು ಅದನ್ನು ತೊಟ್ಟು ನೋಡಿದ, ಹೊಗಳಲಿಲ್ಲ, ಬೈಯಲೂ ಇಲ್ಲ. ಹಾಕಿಕೊಂಡೇ ಕೆಲಸಕ್ಕೆ ಹೋದ.